ಹೆಪ್ಪಿನ ಜಾಡಿನಲ್ಲಿ ತುಮಕೂರು

ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಕರೆತಂದಾಗ ಮಾಡುವ ಒಂದು ಪರೀಕ್ಷೆ ಇದೆ. ತೋಳಿನ ರಕ್ತನಾಳದಿಂದ ಎರಡು ಎಂ.ಎಲ್. ರಕ್ತ ತೆಗೆದು ಹೊಸ ಗಾಜಿನ ಟ್ಯೂಬಿಗೆ ಹಾಕುತ್ತಾರೆ. ಟ್ಯೂಬನ್ನು ಅಲ್ಲಾಡಿಸದೆ ಒಂದು ಕಡೆ ನಿಲ್ಲಿಸಿ 20 ನಿಮಿಷ ಕಾಯುತ್ತಾರೆ. ಆಮೇಲೆ ಒಂದೇ ಒಂದು ಸಲ ಓರೆ ಮಾಡಿ ನೋಡುತ್ತಾರೆ. ರಕ್ತ ಗಟ್ಟಿ ಮೊಸರಿನ ಹಾಗೆ ತಳ ಹಿಡಿದು ಕೂತಿದ್ದರೆ ಸದ್ಯಕ್ಕೆ ನಿಟ್ಟುಸಿರು. ನೀರಿನ ಹಾಗೆ ಹರಿದು ಬಂದರೆ ಕೊಳಕುಮಂಡಲದ್ದೋ ಗರಗಸಮಂಡಲದ್ದೋ ವಿಷ ರಕ್ತಕ್ಕೆ ಇಳಿದಿದೆ, ತಡಮಾಡದೆ ಆಂಟಿವೆನಮ್ ಹಾಕಬೇಕು ಎಂದರ್ಥ. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ, ದೊಡ್ಡ ಲ್ಯಾಬೂ ಬೇಡ. ಗಡಿಯಾರ ನೋಡುವ ತಾಳ್ಮೆ ಇರುವ ಒಬ್ಬ ಸಿಸ್ಟರ್ ಇದ್ದರೆ ಸಾಕು.

ಆದರೆ ಟ್ಯೂಬು ಗಾಜಿನದ್ದೇ ಆಗಬೇಕು. ರಕ್ತಕ್ಕೆ ಗಾಜಿನ ಮೈ ತಾಗಿದರೆ ಹೆಪ್ಪುಗಟ್ಟುವ ಕ್ರಿಯೆ ಚುರುಕಾಗಿ ಶುರುವಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಆರೋಗ್ಯವಂತರ ರಕ್ತವೂ ಸಕಾಲಕ್ಕೆ ಗಟ್ಟಿಯಾಗದೆ, ವಿಷವೇರದವರಿಗೂ ವಿಷವೇರಿದೆ ಎಂದು ತೋರಬಹುದು. ಸೋಪಿನಲ್ಲಿ ತೊಳೆದ ಹಳೆಯ ಗಾಜೂ ಹೀಗೆಯೇ ಮೋಸ ಮಾಡುತ್ತದೆ. ಗಾಜಿಗೂ ರಕ್ತಕ್ಕೂ ನಡುವಿನ ಈ ನಂಟನ್ನು ತಿಳಿಸಿಕೊಟ್ಟದ್ದು ಅಮೆರಿಕದ ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರರ ರಕ್ತ. ಆಪರೇಷನ್ನಿಗೆ ಮುಂಚೆ ಪರೀಕ್ಷಿಸಿದಾಗ ಅವರ ರಕ್ತ ಗಾಜಿನಲ್ಲಿ ಎಷ್ಟು ಹೊತ್ತಾದರೂ ಗಟ್ಟಿಯಾಗಲಿಲ್ಲ. ಆದರೆ ಅವರಿಗೆ ರಕ್ತಸ್ರಾವದ ತೊಂದರೆಯೇ ಇರಲಿಲ್ಲ. ಆಸ್ಕರ್ ರ‍್ಯಾಟ್ನಾಫ್ 1955ರಲ್ಲಿ ಈ ಒಗಟನ್ನು ವರದಿ ಮಾಡಿದರು. ಹೇಗ್‌ಮನ್‌ರಲ್ಲಿ ಇಲ್ಲದಿದ್ದ ಆ ವಸ್ತುವನ್ನೇ ಇಂದು ನಾವು ಹೆಪ್ಪುಗಟ್ಟಿಸುವ ಹನ್ನೆರಡನೆಯ ಅಂಶ ಎಂದು ಪಾಠ ಮಾಡುತ್ತೇವೆ.

ತುಮಕೂರಿನಲ್ಲಿ ರಕ್ತದ ವಿಜ್ಞಾನ ಬೇರೂರಿದ ಬಗೆಯನ್ನು ರಕ್ತವಿಜ್ಞಾನ ಸಮ್ಮೇಳನದ ಈ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಕಟ್ಟಡ ಮತ್ತು ಆದೇಶಗಳಿಂದ ಶುರು ಮಾಡಲು ನನಗೆ ಮನಸ್ಸಾಗಲಿಲ್ಲ. ಈ ವಿಜ್ಞಾನದ ಪ್ರಶ್ನೆಗಳು ಇಲ್ಲಿಗೆ ವಿಶ್ವವಿದ್ಯಾನಿಲಯಕ್ಕಿಂತ ಬಹಳ ಮೊದಲೇ ಬಂದಿದ್ದವು. ಅವು ಅಡಿಕೆ ತೋಟದ ಕಪ್ಪಿನಲ್ಲಿ, ತೆಂಗಿನ ಮಟ್ಟೆಯ ರಾಶಿಯಲ್ಲಿ, ರಾಗಿ ಕುಯ್ಯುವ ಹೊಲದಲ್ಲಿ ಇದ್ದವು. ನಮ್ಮೂರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ನಾನು ಹೈಸ್ಕೂಲಿನಲ್ಲಿದ್ದಾಗ ಮಟ್ಟೆ ಸರಿಸುತ್ತಿದ್ದ ನಮ್ಮ ಚಿಕ್ಕಪ್ಪನಿಗೆ ಕೊಳಕುಮಂಡಲ ಕಚ್ಚಿತು. ತಿಳಿದವರು ಎನ್ನಿಸಿಕೊಂಡವರು ತೊಡೆಗೆ ಹಗ್ಗ ಬಿಗಿದರು, ಬ್ಲೇಡಿನಿಂದ ಕೊಯ್ದು ವಿಷ ಹಿಂಡಲು ನೋಡಿದರು. ಕೊಯ್ದ ಜಾಗದಿಂದ ರಕ್ತ ನಿಲ್ಲಲೇ ಇಲ್ಲ. ಅಜ್ಜಿ ಹಳೆಯ ಪಂಚೆ ಹರಿದು ಒತ್ತಿ ಹಿಡಿದಷ್ಟೂ ಬಟ್ಟೆ ತೊಯ್ಯುತ್ತಿತ್ತು. ಚಿಕ್ಕಪ್ಪ ಉಳಿದರು, ಕಾಲು ಮೊದಲಿನಂತಾಗಲಿಲ್ಲ. ರಕ್ತ ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾನು ಎಂ.ಎಸ್ಸಿ. ಓದುವಾಗ. ಆ ವಿಷ ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ, ಬದಲಿಗೆ ಎಲ್ಲೆಂದರಲ್ಲಿ ಹೆಪ್ಪುಗಟ್ಟಿಸುತ್ತದೆ. ಕೊಳಕುಮಂಡಲದ ವಿಷದಲ್ಲಿರುವ ಕಿಣ್ವಗಳು ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿಬಿಡುತ್ತವೆ. ಹೆಪ್ಪುಗಟ್ಟಲು ಬೇಕಾದ, ಮೈಯಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಸುಮ್ಮನೆ ಖರ್ಚಾಗಿ ಮುಗಿಯುತ್ತದೆ. ನಿಜವಾದ ಗಾಯಕ್ಕೆ ಬೇಕಾದಾಗ ಕಣಜ ಬರಿದು.

ಹೆಪ್ಪು ಎನ್ನುವ ಮಾತು ನಮ್ಮಲ್ಲಿ ಅಡುಗೆಮನೆಯದು. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಹಾಕಿ ಮುಚ್ಚಿಟ್ಟರೆ ಬೆಳಗ್ಗೆ ಮೊಸರು. ರಕ್ತಕ್ಕೂ ಅದೇ ಮಾತನ್ನು ಬಳಸಿದವರು ಕಣ್ಣಿಟ್ಟು ನೋಡಿಯೇ ಬಳಸಿದ್ದಾರೆ. ಎರಡರಲ್ಲೂ ಕರಗಿಕೊಂಡಿದ್ದ ಪ್ರೋಟೀನು ಕೂಡಿಕೊಂಡು ಗಟ್ಟಿಯಾಗುತ್ತದೆ. ಹಾಲಿನಲ್ಲಿ ಆ ಕೆಲಸ ಹುಳಿಯದು, ರಕ್ತದಲ್ಲಿ ಥ್ರಾಂಬಿನ್ ಎಂಬ ಕಿಣ್ವದ್ದು. ಥ್ರಾಂಬಿನ್ ಫೈಬ್ರಿನೋಜೆನ್ನಿನ ತುದಿಗಳನ್ನು ಕತ್ತರಿಸುತ್ತದೆ, ತುದಿ ಕಳೆದುಕೊಂಡ ಅಣುಗಳು ಎಳೆ ಎಳೆಯಾಗಿ ಹೆಣೆದುಕೊಂಡು ಫೈಬ್ರಿನ್ ಎಂಬ ಬಲೆಯಾಗುತ್ತವೆ. ಆ ಬಲೆ ಬೀಳುವ ಮೊದಲೇ ಗಾಯದ ಬಾಯಿಗೆ ಓಡಿಬಂದು ಒಂದಕ್ಕೊಂದು ಅಂಟಿಕೊಂಡು ತಡೆ ಕಟ್ಟುವವು ಪ್ಲೇಟ್‌ಲೆಟ್‌ಗಳು. ಇಟಲಿಯ ಜೂಲಿಯೊ ಬಿಝೋಝೆರೊ ಇವುಗಳ ಕೆಲಸವನ್ನು 1882ರಲ್ಲಿ ಗುರುತಿಸಿದರು. ನ್ಯೂಕ್ಲಿಯಸ್ ಇಲ್ಲದ ಈ ಚೂರುಗಳ ಆಯುಷ್ಯ ಏಳರಿಂದ ಹತ್ತು ದಿನ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಡೆಂಗಿ ಕಾಲದಲ್ಲಿ ನಮ್ಮ ಹಳ್ಳಿಗಳ ಹೆಂಗಸರೂ 'ಪ್ಲೇಟ್‌ಲೆಟ್ ಎಷ್ಟಿದೆ' ಎಂದು ಕೇಳುವಷ್ಟು ಈ ಮಾತು ಮನೆಮಾತಾಗಿದೆ.

ಈ ವಿಷಯಕ್ಕೆ ಸಮ್ಮೇಳನಗಳು ಎಷ್ಟು ಮುಖ್ಯ ಎಂಬುದನ್ನು ಎಳೆಯ ಸಂಶೋಧಕರಿಗೆ ಹೇಳಲೇಬೇಕು. ಕಳೆದ ಶತಮಾನದ ನಡುಭಾಗದಲ್ಲಿ ಹೆಪ್ಪುಗಟ್ಟಿಸುವ ಒಂದೊಂದು ಅಂಶಕ್ಕೂ ಊರಿಗೊಂದು ಹೆಸರಿತ್ತು. ನಾರ್ವೆಯ ಪಾಲ್ ಓವ್ರೆನ್ ಯುದ್ಧದ ದಿನಗಳಲ್ಲಿ ಒಬ್ಬ ರೋಗಿಯ ರಕ್ತದಲ್ಲಿ ಕಂಡುಕೊಂಡ ಐದನೆಯ ಅಂಶವನ್ನೇ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿನಲ್ಲಿ ಕರೆಯುತ್ತಿದ್ದವು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದು. 1954ರಲ್ಲಿ ಅಮೆರಿಕದ ವೈದ್ಯ ಇರ್ವಿಂಗ್ ರೈಟ್ ಅವರ ಮುಂದಾಳತ್ವದಲ್ಲಿ ಒಂದು ಅಂತಾರಾಷ್ಟ್ರೀಯ ಸಮಿತಿ ರಚನೆಯಾಯಿತು. ವರ್ಷಗಟ್ಟಲೆ ಸಭೆ ಸೇರಿ, ವಾದ ಮಾಡಿ, ಹೆಸರುಗಳನ್ನೆಲ್ಲ ಬದಿಗಿಟ್ಟು ರೋಮನ್ ಅಂಕಿಗಳನ್ನು ಒಪ್ಪಿಕೊಂಡರು. ಆರನೆಯದು ಬೇರೆ ಅಂಶವೇ ಅಲ್ಲ, ಎಚ್ಚೆತ್ತ ಐದನೆಯದೇ ಎಂದು ತಿಳಿದಾಗ ಅದನ್ನು ಕೈಬಿಟ್ಟರು. ಇವತ್ತಿಗೂ ಪಟ್ಟಿಯಲ್ಲಿ ಐದರ ನಂತರ ಏಳು ಬರುತ್ತದೆ. ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬರಾದರೂ 'ಆರು ಎಲ್ಲಿ ಮೇಡಂ' ಎಂದು ಕೇಳುತ್ತಿದ್ದರು. ಆ ಖಾಲಿ ಜಾಗವನ್ನು ತೋರಿಸಿ, ವಿಜ್ಞಾನಿಗಳು ಒಂದೆಡೆ ಕೂತು ತಮ್ಮ ತಪ್ಪು ಒಪ್ಪಿಕೊಂಡದ್ದರ ಗುರುತು ಇದು ಎಂದು ಹೇಳುವುದು ನನಗೆ ಹೆಮ್ಮೆಯ ಕೆಲಸವಾಗಿತ್ತು. ಆ ಸಮಿತಿಯ ಮುಂದುವರಿಕೆಯಾಗಿಯೇ 1969ರಲ್ಲಿ ಥ್ರಾಂಬೋಸಿಸ್ ಮತ್ತು ಹಿಮೋಸ್ಟಾಸಿಸ್‌ನ ಅಂತಾರಾಷ್ಟ್ರೀಯ ಸಂಘ ಹುಟ್ಟಿತು. ನಮ್ಮ ಕಡೆ ಇಂಥ ಕೂಟಕ್ಕೆ ಹಾದಿ ಹಾಕಿದ್ದು 1930ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಭಾರತೀಯ ಜೀವರಸಾಯನ ವಿಜ್ಞಾನಿಗಳ ಸಂಘ.

ಪ್ಲೇಟ್‌ಲೆಟ್ ಸಂಶೋಧನೆಗೆ ಬೆಂಗಳೂರಿನ ಇನ್ನೊಂದು ನೆನಪೂ ತಳುಕು ಹಾಕಿಕೊಂಡಿದೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದನ್ನು ಅಳೆಯುವ ಅಗ್ರಿಗೋಮೀಟರ್ ವಿಧಾನವನ್ನು 1962ರಲ್ಲಿ ತೋರಿಸಿಕೊಟ್ಟವರು ಗುಸ್ತಾವ್ ಬಾರ್ನ್. ಅವರ ತಂದೆ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮೇಲೆ ಸಿ.ವಿ. ರಾಮನ್ ಅವರ ಕರೆಯ ಮೇರೆಗೆ 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಅವರನ್ನು ಅಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಬಯಸಿದ್ದರು, ಅದು ಕೈಗೂಡಲಿಲ್ಲ. ಮಗನ ವಿಧಾನ ಸರಳವಾದದ್ದು. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಬ್ಬಾಗಿರುತ್ತದೆ, ಬೆಳಕು ಅದನ್ನು ಹಾದುಹೋಗಲು ಕಷ್ಟಪಡುತ್ತದೆ. ಎ.ಡಿ.ಪಿ. ಎಂಬ ರಾಸಾಯನಿಕ ಹಾಕಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ದ್ರವ ತಿಳಿಯಾಗುತ್ತದೆ, ಬೆಳಕು ಹೆಚ್ಚು ದಾಟುತ್ತದೆ. ಕಾಗದದ ಮೇಲೆ ಗೆರೆ ಏರುತ್ತದೆ.

ಆ ಗೆರೆ ಏರುವುದನ್ನು ಮೊದಲ ಸಲ ನೋಡುವ ವಿದ್ಯಾರ್ಥಿಯ ಮುಖ ನೋಡಬೇಕು. ಅದಕ್ಕೆ ಮುಂಚಿನ ಶ್ರಮ ಅಂಥದ್ದು. ರಕ್ತ ಕೊಡುವವರು ಹತ್ತು ಹದಿನೈದು ದಿನದಿಂದ ಆಸ್ಪಿರಿನ್ ನುಂಗಿರಬಾರದು. ಆಸ್ಪಿರಿನ್ ಸೋಕಿದ ಪ್ಲೇಟ್‌ಲೆಟ್ ಸಾಯುವವರೆಗೂ ಮೊದಲಿನಂತಾಗುವುದಿಲ್ಲ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಬೆರೆಸಿ, ಸೆಂಟ್ರಿಫ್ಯೂಜನ್ನು ನಿಧಾನವಾಗಿ ತಿರುಗಿಸಿ, ಮೇಲೆ ನಿಂತ ಹೊಂಬಣ್ಣದ ಮಬ್ಬು ದ್ರವವನ್ನು ಕೆಂಪು ಕಣ ಕದಡದಂತೆ ಎತ್ತಿಕೊಳ್ಳಬೇಕು. ಐಸಿನಲ್ಲಿ ಇಡುವಂತಿಲ್ಲ, ತಣ್ಣಗಾದರೆ ಪ್ಲೇಟ್‌ಲೆಟ್‌ನ ಆಕಾರವೇ ಬದಲಾಗುತ್ತದೆ. ಇಲ್ಲಿ ಬಳಸುವುದು ಪ್ಲಾಸ್ಟಿಕ್ ಟ್ಯೂಬು. ಆಸ್ಪತ್ರೆಯ ಪರೀಕ್ಷೆಗೆ ಬೇಕೇ ಬೇಕಾದ ಗಾಜು ಈ ಕೆಲಸಕ್ಕೆ ಶತ್ರು. ಎಲ್ಲವೂ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು, ನಾಳೆಗೆ ಎತ್ತಿಡುವ ಮಾತಿಲ್ಲ. ಅಷ್ಟರಲ್ಲಿ ಕರೆಂಟು ಹೋದರೆ ಬೆಳಗಿನಿಂದ ಮಾಡಿದ್ದೆಲ್ಲ ಚರಂಡಿಗೆ. ಜಿಲ್ಲಾ ಕೇಂದ್ರವೊಂದರಲ್ಲಿ ಈ ಕೆಲಸ ಮಾಡಿದವರ ತಾಳ್ಮೆಯನ್ನು ಅವರ ಪ್ರಬಂಧಗಳ ಪಟ್ಟಿಗಿಂತ ಮೇಲಿಟ್ಟು ನಾನು ಗೌರವಿಸುತ್ತೇನೆ.

ತುಮಕೂರಿನ ಈ ಪರಂಪರೆಯ ಮೂಲ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಅಲ್ಲಿನ ಜೀವರಸಾಯನ ವಿಜ್ಞಾನ ವಿಭಾಗದಲ್ಲಿ ಪ್ರೊ. ಟಿ. ವೀರಬಸಪ್ಪ ಗೌಡರು ಹಾವಿನ ವಿಷದ ಅಧ್ಯಯನವನ್ನು ಗಟ್ಟಿಯಾಗಿ ನೆಲೆಗೊಳಿಸಿದರು. ಅವರ ಬಳಿ ಕಲಿತ ಆರ್. ಮಂಜುನಾಥ ಕಿಣಿ ಮುಂದೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯ ಸೇರಿ, ಹಾವಿನ ವಿಷದ ಪ್ರೋಟೀನುಗಳು ರಕ್ತ ಹೆಪ್ಪುಗಟ್ಟುವುದರ ಮೇಲೆ, ಪ್ಲೇಟ್‌ಲೆಟ್‌ಗಳ ಮೇಲೆ ಮಾಡುವ ಪರಿಣಾಮ ಕುರಿತು ಜಗತ್ತು ಕಿವಿಗೊಡುವ ಹೆಸರಾದರು. ಮೈಸೂರಿನಲ್ಲೇ ಕೆ. ಕೆಂಪರಾಜು ಅವರ ತಂಡ ವಿಷದಲ್ಲಿರುವ ಹಯಲುರೊನಿಡೇಸ್ ಎಂಬ ಕಿಣ್ವದ ಬೆನ್ನು ಹತ್ತಿತು. ಈ ಕಿಣ್ವ ಜೀವಕೋಶಗಳ ನಡುವಿನ ಗೋಂದನ್ನು ಕರಗಿಸಿ ವಿಷ ಹರಡಲು ದಾರಿ ಮಾಡಿಕೊಡುತ್ತದೆ. ನಾಗರಹಾವಿನ ವಿಷದಿಂದ ಅದನ್ನು ಬೇರ್ಪಡಿಸಿದ ಕೆಲಸ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಮುಖ್ಯ ಪಾತ್ರ ವಹಿಸಿದವರು ಕೆ.ಎಸ್. ಗಿರೀಶ್.

ಅದೇ 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದುವರೆಗೆ ಜಿಲ್ಲೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯದ ಕೆಳಗಿದ್ದವು. ನಗರದ ಬಿ.ಎಚ್. ರಸ್ತೆಯ ಆವರಣದಲ್ಲಿ ಸ್ನಾತಕೋತ್ತರ ವಿಭಾಗಗಳು ನೆಲೆ ನಿಂತವು. ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ನಮ್ಮ ಗುಬ್ಬಿಯನ್ನು ಹಾಯ್ದು ಹೋಗುವ ಆ ರಸ್ತೆಯಲ್ಲೇ ಬೆಳಗಿನ ಬಸ್ಸು ಹಿಡಿದು ಬರುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಕುಣಿಗಲ್ ಕಡೆಯಿಂದ ಬರುವವರೂ ಅಷ್ಟೇ. ಮೈಸೂರಿನಲ್ಲಿ ಪಳಗಿದ ಗಿರೀಶ್, ಎಸ್. ದೇವರಾಜ ಮೊದಲಾದವರು ತುಮಕೂರಿಗೆ ಬಂದು ಜೀವರಸಾಯನ ವಿಜ್ಞಾನ ವಿಭಾಗದಲ್ಲಿ ಪ್ಲೇಟ್‌ಲೆಟ್ ಮತ್ತು ಹೆಪ್ಪುಗಟ್ಟುವಿಕೆಯ ಕೆಲಸ ಬೆಳೆಸಿದರು. ಗುರುವಿನ ಮನೆಯಿಂದ ಹೆಪ್ಪು ತಂದು ತಮ್ಮ ಮನೆಯ ಹಾಲಿಗೆ ಹಾಕಿದಂತೆ ಇದು ನಡೆಯಿತು. ಮೈಸೂರಿನ ನಂಟು ಕಡಿಯಲಿಲ್ಲ. ಎರಡೂ ಊರಿನವರ ಹೆಸರು ಒಂದೇ ಪ್ರಬಂಧದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ನ್ಯೂಕ್ಲಿಯಸ್ ಇಲ್ಲದ ಪ್ಲೇಟ್‌ಲೆಟ್ ಕೂಡ ಒಳಗಿನ ಲೆಕ್ಕಾಚಾರದಂತೆ ಸಾಯುತ್ತದೆ, ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧ ಆ ಸಾವನ್ನು ಬೇಗ ತರಬಲ್ಲದು, ಕೇಸರಿಗೆ ಬಣ್ಣ ಕೊಡುವ ಕ್ರೋಸಿನ್ ಅದನ್ನು ತಡೆಯಬಲ್ಲದು ಎಂಬಂಥ ಸಂಗತಿಗಳು ಹೀಗೆ ಹೊರಬಂದವು. ಹುಲ್ಲಿನ ಮೇಲೆ ಬಲೆ ಹಾಸಿ ಕೂರುವ ಹಿಪ್ಪಾಸಾ ಜೇಡದ ವಿಷಗ್ರಂಥಿಯಲ್ಲಿ ಫೈಬ್ರಿನ್ ಕತ್ತರಿಸುವ ಕಿಣ್ವ ಇರುವುದನ್ನೂ ಈ ಬಳಗ 2011ರಲ್ಲಿ ಪ್ರಕಟಿಸಿತು.

ಎಲ್ಲಕ್ಕಿಂತ ಹೆಚ್ಚು ನಿಂತು ನೋಡಬೇಕಾದದ್ದು 2016ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಮೈಸೂರು ಮತ್ತು ತುಮಕೂರಿನವರು ಸೇರಿ ಪ್ರಕಟಿಸಿದ ಕೆಲಸ. ಗರಗಸಮಂಡಲ ಅಂಗೈಯಗಲ ಸುರುಳಿ ಸುತ್ತಿ ಕಲ್ಲಿನ ಸಂದಿಯಲ್ಲಿ ಅಡಗುವ ಸಣ್ಣ ಹಾವು. ಅದು ಕಚ್ಚಿದ ಜಾಗ ಊದಿ, ಕಪ್ಪಾಗಿ, ಕೊಳೆಯುತ್ತದೆ. ಆಂಟಿವೆನಮ್ ಪ್ರಾಣ ಉಳಿಸಿದರೂ ಬೆರಳು, ಪಾದ ಹೋಗುವುದುಂಟು. ಯಾಕೆ ಎಂಬುದಕ್ಕೆ ಅವರು ಕಂಡುಕೊಂಡ ಉತ್ತರ ಇದು. ವಿಷ ಬಂದೊಡನೆ ಅಲ್ಲಿಗೆ ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮೊಳಗಿನ ಡಿ.ಎನ್.ಎ.ಯನ್ನೇ ಬಲೆಯ ಹಾಗೆ ಹೊರಚೆಲ್ಲುತ್ತವೆ. ಆ ಬಲೆ ವಿಷವನ್ನು ಅಲ್ಲೇ ಹಿಡಿದಿಡುತ್ತದೆ, ಸಣ್ಣ ರಕ್ತನಾಳಗಳ ಬಾಯಿ ಮುಚ್ಚುತ್ತದೆ, ಉಸಿರು ಸಿಗದ ಮಾಂಸ ಸಾಯುತ್ತದೆ. ಬಲೆ ಕತ್ತರಿಸುವ ಡಿ.ಎನ್.ಏಸ್ ಎಂಬ ಕಿಣ್ವ ಈ ಹಾವಿನ ವಿಷದಲ್ಲಿ ಇಲ್ಲ. ಹೊರಗಿನಿಂದ ಆ ಕಿಣ್ವ ಕೊಟ್ಟಾಗ ಇಲಿಗಳಲ್ಲಿ ಹಾನಿ ಕಡಿಮೆಯಾಯಿತು. ಇಲಿಯಲ್ಲಿ ಕಂಡದ್ದು ಮನುಷ್ಯರ ಚಿಕಿತ್ಸೆಯಾಗಲು ಇನ್ನೂ ಹಲವು ಮೆಟ್ಟಿಲು ಹತ್ತಬೇಕು. ಆದರೂ ಆ ಪುಟ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಚಿಕ್ಕಪ್ಪನ ಕಾಲು. ನಮ್ಮ ಬಂಜರಿನ ಹಾವು ಕೇಳಿದ ಪ್ರಶ್ನೆಗೆ ನಮ್ಮ ಊರಿನ ಲ್ಯಾಬಿನಿಂದ ಉತ್ತರ ಹೊರಟಿತ್ತು.

ಹಾವಿನ ವಿಷದಿಂದಲೇ ಔಷಧ ಬಂದದ್ದೂ ಇದೆ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ನಮ್ಮ ಕೊಳಕುಮಂಡಲದ ವಿಷವನ್ನು ತೀರಾ ತೆಳುಮಾಡಿ, ಹಿಮೋಫಿಲಿಯಾ ಇದ್ದವರ ಗಾಯದ ರಕ್ತ ನಿಲ್ಲಿಸಲು ಹಚ್ಚಿ ನೋಡಿದರು. ಅದೇ ವಿಷ ಇಂದೂ ರಕ್ತಪರೀಕ್ಷೆಯ ಲ್ಯಾಬುಗಳಲ್ಲಿ ಬಳಕೆಯಲ್ಲಿದೆ. ಗರಗಸಮಂಡಲದ ವಿಷದಲ್ಲಿರುವ ಎಕಿಸ್ಟಾಟಿನ್ ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ ತಡೆಯುತ್ತದೆ. ಅದರ ಮಾದರಿ ಹಿಡಿದು ರೂಪಿಸಿದ ಟೈರೋಫಿಬಾನ್ ಹೃದಯಾಘಾತದ ಚಿಕಿತ್ಸೆಯಲ್ಲಿ ಬಳಸುವ ಔಷಧ. ಕೊಲ್ಲುವ ವಸ್ತುವಿನ ಒಳಗುಟ್ಟು ತಿಳಿದರೆ ಕಾಯುವ ವಸ್ತು ಮಾಡಬಹುದು ಎಂಬ ಭರವಸೆ ಇಲ್ಲಿಂದ ಬಂದದ್ದು.

ತುಮಕೂರಿನ ವಿಭಾಗದ ಇನ್ನೊಂದು ದಾರಿ ನಮ್ಮ ಹಿತ್ತಲಿಗೇ ಬಂತು. ಹಲಸಿನ ಬೀಜದ ಸಾರಕ್ಕೆ ಫೈಬ್ರಿನ್ ಕರಗಿಸುವ ಗುಣ ಇದೆ ಎಂದು 2015ರಲ್ಲಿ ಪ್ರಕಟಿಸಿದರು. ಅಗಸೆ ಬೀಜ, ಪುಂಡಿ ಬೀಜಗಳನ್ನೂ ಹೀಗೆಯೇ ಪರೀಕ್ಷಿಸಿದರು. ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆ 'ಸಿದ್ದು' ಎಂಬ ಕೆಂದೊಳೆಯ ಹಲಸಿನ ತವರು. ಹೀಗಾಗಿ ಈ ಸುದ್ದಿ ನಮ್ಮೂರಿನವರ ಕಿವಿ ನಿಮಿರಿಸುವುದು ಸಹಜ. ಆದರೆ ಒಂದು ಮಾತು ಒತ್ತಿ ಹೇಳಬೇಕು. ಟ್ಯೂಬಿನಲ್ಲಿ ಹೆಪ್ಪು ಕರಗಿಸಿದ ಸಾರ ಹೊಟ್ಟೆಗೆ ಹೋದ ಮೇಲೆ ಅದೇ ಕೆಲಸ ಮಾಡುತ್ತದೆ ಎಂದು ಯಾರೂ ತೋರಿಸಿಲ್ಲ. ಬೇಯಿಸಿದ ಹಲಸಿನ ಬೀಜ ಸಾರಿಗೆ ರುಚಿ, ಹೃದಯದ ಮಾತ್ರೆಗೆ ಬದಲಿ ಅಲ್ಲ. ಸಂಶೋಧಕರು ಎಚ್ಚರದಿಂದ ಬರೆದದ್ದು ಬಾಯಿಂದ ಬಾಯಿಗೆ ಹೋಗುವಾಗ ಮನೆಮದ್ದಾಗಿಬಿಡುತ್ತದೆ. ಡೆಂಗಿಗೆ ಪರಂಗಿ ಎಲೆಯ ರಸ ಕುಡಿಸುತ್ತಾ ಆಸ್ಪತ್ರೆಗೆ ತಡವಾಗಿ ಬಂದವರನ್ನು ನಾವೆಲ್ಲ ನೋಡಿದ್ದೇವೆ.

ಈ ಮಾತೇ ನನ್ನನ್ನು ಈ ಲೇಖನದ ಮುಖ್ಯ ಕೋರಿಕೆಗೆ ತರುತ್ತದೆ. ಇಂಥ ಸಮ್ಮೇಳನಗಳಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತದೆ. ವಿಜ್ಞಾನಿಗಳ ನಡುವಿನ ಮಾತಿಗೆ ಅದು ಬೇಕು, ತಕರಾರಿಲ್ಲ. ಆದರೆ ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ, ವರ್ಷಕ್ಕೆ 58 ಸಾವಿರ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ದೇಶದಲ್ಲೇ ಇಂಥ ಹೆಜ್ಜೆ ಇಟ್ಟ ಮೊದಲ ರಾಜ್ಯ ನಮ್ಮದು. ಊರಿಂದ ಊರಿಗೆ ಒಂದೇ ಜಾತಿಯ ಹಾವಿನ ವಿಷವೂ ಬದಲಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಹಾಗಿರುವಾಗ ನಮ್ಮ ತಾಲ್ಲೂಕುಗಳ ಸರಿಯಾದ ಲೆಕ್ಕ, ಸರಿಯಾದ ದಾಖಲೆ ಇಲ್ಲದೆ ಮುಂದಿನ ಸಂಶೋಧನೆ ನಡೆಯುವುದು ಹೇಗೆ? ಆ ದಾಖಲೆ ಬರೆಯುವ ಕೈ ತಾಲ್ಲೂಕು ಆಸ್ಪತ್ರೆಯ ಸಿಸ್ಟರ್‌ಗಳದ್ದು, ಆಶಾ ಕಾರ್ಯಕರ್ತೆಯರದ್ದು.

ಆದ್ದರಿಂದ ತುಮಕೂರಿನಲ್ಲಿ ನಡೆಯುವ ಪ್ರತಿ ರಕ್ತವಿಜ್ಞಾನ ಸಮ್ಮೇಳನದಲ್ಲಿ ಅರ್ಧ ದಿನವಾದರೂ ಪೂರ್ತಿ ಕನ್ನಡದಲ್ಲಿ ನಡೆಯಲಿ. ಗುಬ್ಬಿ, ಕುಣಿಗಲ್, ಪಾವಗಡ, ಶಿರಾದ ಆಸ್ಪತ್ರೆಗಳಿಂದ ಸಿಸ್ಟರ್‌ಗಳನ್ನು, ಲ್ಯಾಬ್ ಟೆಕ್ನಿಷಿಯನ್ನರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ. ಗಾಜಿನ ಟ್ಯೂಬಿನ ಪರೀಕ್ಷೆಯನ್ನು ವೇದಿಕೆಯ ಮೇಲೆ ಮಾಡಿ ತೋರಿಸಿ. 20 ನಿಮಿಷ ಎಲ್ಲರೂ ಕಾಯಲಿ, ಆ ಹೊತ್ತಿನಲ್ಲಿ ಸಿಸ್ಟರ್‌ಗಳು ತಾವು ಕಂಡದ್ದನ್ನು ಹೇಳಲಿ, ಪ್ರೊಫೆಸರರು ಬರೆದುಕೊಳ್ಳಲಿ. ಹಿಂದಿರುಗುವಾಗ ಪ್ರತಿ ಆಸ್ಪತ್ರೆಗೂ ಒಂದು ಡಬ್ಬಿ ಹೊಸ ಗಾಜಿನ ಟ್ಯೂಬು ಕೊಟ್ಟು ಕಳಿಸಿ. ಶಾಲು ಹಾರಗಳ ಖರ್ಚಿಗಿಂತ ಅದು ಹೆಚ್ಚಾಗುವುದಿಲ್ಲ.

ಈ ಸಂಚಿಕೆ ಯಾರ ಮನೆಯ ಕಪಾಟು ಸೇರಿದರೂ ಈ ಕೊನೆಯ ಸಾಲುಗಳನ್ನು ಮನೆಯವರಿಗೆ ಓದಿ ಹೇಳಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಉಂಗುರ, ಕಾಲುಂಗುರ ತೆಗೆಯಿರಿ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಳ್ಳಿ, 108ಕ್ಕೆ ಫೋನು ಮಾಡಿ, ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.